ಮುಂಗಡ

ಕರಂಗಲ್ಪಾಡಿಯಲ್ಲಿ, ಕೋರ್ಟಿಗೆ ಹೋಗುವ ಏರಿನಲ್ಲಿ
ನನ್ನ ಜೆರಾಕ್ಸ್ ಅಂಗಡಿ. ಎಂಟಡಿ ಅಗಲ.
ಕಟ್ಟಡದ ಧಣಿ ಶೀನಪ್ಪ ಕುಂದರ್.
ಎರಡು ಬೋಟು ಮಾರಿ ಐಸ್ ಪ್ಲಾಂಟ್ ಹಾಕಿದರು,
ಐಸ್ ಪ್ಲಾಂಟ್ ಕರಗಿತು.
ಈಗ ಗೋಡೆಯಲ್ಲಿ ಬ್ಯಾಂಕಿನ ನೋಟೀಸು,
ಮೈದಾ ಅಂಟಿನಲ್ಲಿ, ಸ್ವಲ್ಪ ಓರೆ.

ಹನ್ನೊಂದು ಮಂದಿ ನಾವು ಬಾಡಿಗೆಯವರು.
ಮೇಲಿನ ಹಲ್ಲಿನ ಡಾಕ್ಟರು, ಟೈಲರ್ ಇದಿನಬ್ಬ,
ವಾಚು ರಿಪೇರಿಯ ವಿಠ್ಠಲಾಚಾರಿ,
ಎಲ್ಲರೂ ಕರಾರು ಪತ್ರ ಹಿಡಿದು ನನ್ನಲ್ಲಿಗೇ ಬಂದರು,
ವಕೀಲರಿಗೆ ಕೊಡಲು ಮೂರು ಮೂರು ಪ್ರತಿ.
"ಮೊದಲು ಬ್ಯಾಂಕಿಗೆ, ಮತ್ತೆ ಕೆಲಸದವರ ಸಂಬಳಕ್ಕೆ,
ಉಳಿದರೆ ನಿಮಗೆ," ಅಂದರು ವಕೀಲರು.
ಉಳಿದರೆ ಅನ್ನುವಾಗ ಕನ್ನಡಕ ತೆಗೆದು ಒರೆಸಿದರು.

ಮುಂಗಡ ಅಂತ ಕೊಟ್ಟದ್ದು.
ಕೊಟ್ಟವರೆಲ್ಲ ಈಗ ಹಿಂಗಡೆ.

ಅವರಲ್ಲಿ ಕರಾರಾದರೂ ಉಂಟು.
ನಾನು ಕೊಟ್ಟದ್ದು ಎರಡು ಲಕ್ಷ, ಚೀಟಿ ಎತ್ತಿದ ಹಣ,
ಬಿಸ್ಕತ್ತಿನ ಡಬ್ಬಿಯಲ್ಲಿ.
ರಶೀದಿ ಕೇಳಿದ್ದಕ್ಕೆ ಕುಂದರ್ ನಕ್ಕಿದ್ದರು:
"ಎಂತ ಬಾಯಮ್ಮ, ನಾನು ಎಲ್ಲಿಗೆ ಓಡುವುದು, ಕಡಲಿಗಾ?"
ದಿನಕ್ಕೆ ಸಾವಿರ ಕಾಗದ ಪ್ರತಿ ತೆಗೆಯುವವಳು
ನನ್ನದೊಂದು ಕಾಗದ ಮಾಡಿಸಿಕೊಳ್ಳಲಿಲ್ಲ.

ಶುಕ್ರವಾರ ಸಂಜೆ, ಶಟರ್ ಅರ್ಧ ಎಳೆದಾಗ
ಅವರೇ ಬಂದರು, ಚಪ್ಪಲಿ ಹೊರಗೆ ಬಿಟ್ಟು.
ತಮ್ಮ ಕಟ್ಟಡದಲ್ಲಿ ಎಂದೂ ಚಪ್ಪಲಿ ಬಿಟ್ಟವರಲ್ಲ.
"ದಿವಾಳಿ ಅರ್ಜಿ. ಒಂದು ಪ್ರತಿ ಸಾಕು.
ಬೇರೆ ಕಡೆ ಕೊಟ್ಟರೆ ಓದುತ್ತಾರೆ."

ನಾನೂ ಓದಿದೆ.
ಗಾಜಿನಡಿಯಲ್ಲಿ ಹಸಿರು ಬೆಳಕು ಹೋಗಿ ಬಂದು ಮಾಡುತ್ತಿತ್ತು:
ಡೀಸೆಲ್ ಬಂಕು, ಬಲೆಯಂಗಡಿ,
ಮಗಳ ಮದುವೆಯ ಹಾಲಿನ ಬಾಕಿ, ತಂಗಿಯ ಗಂಡ.
ನಲವತ್ತೇಳನೇ ಪುಟ, ಕೆಳಗಿನಿಂದ ಮೂರನೇ ಸಾಲು:
ಹೆಲಾನ ಮಂತೆರ, ಜರಾಕ್ಸು, ಎರಡು ಲಕ್ಷ.
ನಾನು ಹೆಲೆನ್ ಮೊಂತೇರೊ. ಹೆಸರು ತಪ್ಪು.
ಮೊತ್ತ ಸರಿ.

ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.
ನಾನು ಯಾವ ಕೋರ್ಟಿನಲ್ಲಿ ಡಬ್ಬಿ ತೋರಿಸುವುದು?
ತಲೆಯೆತ್ತಿದೆ. ಅವರು ರಸ್ತೆಗೆ ಮುಖ ಮಾಡಿ
ಬಸ್ಸುಗಳ ನಂಬರು ಓದುತ್ತಾ ನಿಂತಿದ್ದರು,
ಯಾವ ಬಸ್ಸಿಗೂ ಕಾಯದವರ ಹಾಗೆ.

ಆ ಪುಟಕ್ಕೆ ಎರಡು ಸಲ ಗುಂಡಿ ಒತ್ತಿದೆ.
ಒಂದು ಅವರ ಕಟ್ಟಿಗೆ,
ಒಂದು, ಬಿಸಿ ಆರುವ ಮೊದಲೇ, ನನ್ನ ಡ್ರಾಯರಿಗೆ.

"ಎಷ್ಟಾಯ್ತು?"
"ನೂರ ಹನ್ನೆರಡು ಪುಟ. ಇನ್ನೂರ ಇಪ್ಪತ್ತನಾಲ್ಕು."
ಕಿಸೆಯಲ್ಲಿ ನೂರರ ಒಂದೇ ನೋಟು, ಟೇಪು ಹಚ್ಚಿದ್ದು.
"ಉಳಿದದ್ದು ಬರೆದಿಡಿ ಬಾಯಮ್ಮ."

ಬರೆದಿಟ್ಟೆ. ನೂರ ಇಪ್ಪತ್ತನಾಲ್ಕು ರೂಪಾಯಿ.
ಪುಸ್ತಕ ಅವರ ಕಡೆ ತಿರುಗಿಸಿ, ಪೆನ್ನು ಕೊಟ್ಟು
ಈ ಸಲ ಸಹಿ ಹಾಕಿಸಿಕೊಂಡೆ.