ಹಿಂದಿನ ಸೀಟಿನವರೆಗೆ

ಮೂರನೆಯದೂ ಸುಟ್ಟುಹೋಯಿತು
ದೀಪಾವಳಿಗೆ ಎರಡು ದಿನ ಇರುವಾಗ ಬಡಿದ ಸಿಡಿಲಿಗೆ.
ಹಸಿರು ಕಣ್ಣು ಮುಚ್ಚಿ, ಬದಿಯ ಕಿಂಡಿಯಿಂದ
ಸುಟ್ಟ ಗೇರುಬೀಜದ ಸಿಪ್ಪೆಯ ಹಾಗೊಂದು ವಾಸನೆ.
ಅಕ್ಕ ಮೂಸಿ ನೋಡಿ ನನ್ನ ಕೈಗಿತ್ತಳು
ಸತ್ತ ಹಲ್ಲಿ ಕೊಟ್ಟ ಹಾಗೆ.

ಸ್ಟೇಟ್ ಬ್ಯಾಂಕಿನ ಹಿಂದೆ ಮೆಟ್ಟಿಲು ಹತ್ತಿದರೆ ನೌಫಲನ ಅಂಗಡಿ.
"ಇದು ನೋಡಿ ಅಂಕಲ್, ಆರು ಕೊಂಬು,
ಗೇಮಿಂಗಿಗೆ ಭಾರೀ ಸ್ಪೀಡು."
ಮೂವತ್ತೊಂದು ವರ್ಷ ತಲಪಾಡಿ ಬಸ್ಸಿನ ಕಂಡಕ್ಟರ್ ನಾನು,
ಸ್ಪೀಡಿನವರನ್ನು ನೋಡಿದ್ದೇನೆ,
ಪಂಪ್‌ವೆಲ್ಲಿನೊಳಗೆ ಮುಂದಿನ ಬಸ್ಸು ಹಿಡಿಯಲು
ಎಕ್ಕೂರಿನ ಅಜ್ಜಿಯನ್ನು ಕೈ ತೋರಿಸುತ್ತಲೇ ಬಿಟ್ಟು ಹೋದವರನ್ನು.
"ಸ್ಪೀಡು ಇರಲಿ ಮಾರಾಯ,
ಎಲ್ಲ ಸ್ಟಾಪಿನಲ್ಲಿ ನಿಲ್ಲುತ್ತದಾ ಹೇಳು."

ಹುಡುಗ ಜಾಣ. ಸ್ಟೂಲೆಳೆದು ಕೂತ.
ಒಳಗೆ ಎರಡು ಬಗೆಯ ಅಲೆ ಉಂಟಂತೆ:
ಒಂದು ಓಡುತ್ತದೆ, ಗೋಡೆ ಅಡ್ಡ ಬಂದರೆ ಸುಸ್ತು;
ಇನ್ನೊಂದು ನಿಧಾನ, ಆದರೆ ಹೇಗಾದರೂ ನುಗ್ಗುತ್ತದೆ.
ಓಹೋ, ಎಕ್ಸ್‌ಪ್ರೆಸ್ಸು ಮತ್ತು ಸರ್ವಿಸ್ ಬಸ್ಸು!
ಮೊದಲೇ ಹಾಗೆ ಹೇಳಬಾರದಾ.

ನಮ್ಮದು ಕೆಂಪುಕಲ್ಲಿನ ಗೋಡೆ, ಒಂದಡಿ ದಪ್ಪ.
ಅಕ್ಕನ ಕೋಣೆ ಕೊನೆಗೆ, ಬಾವಿಯ ಬದಿಗೆ.
ಹುಟ್ಟಿದಂದಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ.
ರಾತ್ರಿ ಎಂಟೂವರೆಗೆ ಗಂಗೊಳ್ಳಿಯ ಸೆಲಿನ್ ಬರುತ್ತಾಳೆ ಮೊಬೈಲಿಗೆ,
ಶಾಲೆಯಲ್ಲಿ ಒಂದೇ ಬೆಂಚಿನವರು, ಬೆರಳಲ್ಲಿ ಮಾತು.
ಮೀನಿನ ರೇಟಿಗೂ ಹತ್ತು ಬೆರಳು ಬೇಕು ಇಬ್ಬರಿಗೂ.

ಸಿಗ್ನಲ್ ಕಡಿದರೆ ನಾವಾದರೆ ಹಲೋ ಹಲೋ ಅನ್ನುತ್ತೇವೆ.
ಅವರಿಗೆ
ಕೈ ಗಾಳಿಯಲ್ಲೇ ಕಲ್ಲಾಗುತ್ತದೆ, ಅರ್ಧ ಶಬ್ದದಲ್ಲಿ.
ಸೆಲಿನ್‌ಳ ಗಂಡ ಆಸ್ಪತ್ರೆ ಸೇರಿದ ದಿನ
ಎರಡು ಬೆರಳು ಗಲ್ಲದ ಹತ್ತಿರ ನಿಂತುಬಿಟ್ಟವು.
ಎದೆಗೆ ಇಳಿದರೆ ಒಂದರ್ಥ,
ಹಣೆಗೆ ಏರಿದರೆ ಇನ್ನೊಂದು.
ಹನ್ನೊಂದರ ತನಕ ಅಕ್ಕ
ಆ ಬೆರಳನ್ನೇ ನೋಡುತ್ತ ಕೂತಿದ್ದಳು.

ಇದನ್ನೆಲ್ಲ ನೌಫಲನಿಗೆ ಹೇಳಲಿಲ್ಲ.
ಸಿಡಿಲಿಗೆ ವಾರಂಟಿ ಉಂಟಾ ಎಂದೆ.
"ಸಿಡಿಲಿಗೆ ಯಾರು ಕೊಡುತ್ತಾರೆ ಅಂಕಲ್?
ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆಯಲಿಕ್ಕೆ ಹೇಳಿ ಮನೆಯಲ್ಲಿ."
ಮನೆಯಲ್ಲಿ.
ಹಗಲು ಮನೆಯಲ್ಲಿರುವುದು ಅವಳೊಬ್ಬಳೇ.

ಕೊನೆಗೆ ತಂದದ್ದು ಎರಡು ಕೊಂಬಿನದು, ಬೂದು ಬಣ್ಣ,
ಕಡಿಮೆ ಮಾತಿನ ಡ್ರೈವರನ ಮುಖ.
ಜೊತೆಗೆ, ಕರೆಂಟು ಹೋದರೆ ಎರಡು ಗಂಟೆ ಎಳೆಯುವ ಬ್ಯಾಟರಿ ಡಬ್ಬಿ.
ಚೌಕಾಸಿ ಮಾಡಿ ಇನ್ನೂರು ಬಿಡಿಸಿದೆ.

ನಾನು ಟಿವಿಯ ಪಕ್ಕ ಇಟ್ಟೆ.
ಅಕ್ಕ ತೆಗೆದು, ಉಪ್ಪಿನಕಾಯಿ ಭರಣಿ ಸರಿಸಿ,
ನಡುಕೋಣೆಯ ಬಾಗಿಲ ಮೇಲಿನ ಹಲಗೆಗೆ ಏರಿಸಿದಳು.
ಗುಡುಗಿದರೆ ಹೇಗೆ ಗೊತ್ತಾಗುತ್ತದೆ ನಿನಗೆ, ಕೈ ಸನ್ನೆಯಲ್ಲಿ ಕೇಳಿದೆ,
ನನ್ನದು ಹರಕು ಸನ್ನೆ.
ಅವಳು ಅಂಗೈಯನ್ನು ಗೋಡೆಗೆ ಒತ್ತಿ
ನನ್ನ ಮುಖ ನೋಡಿದಳು, ಇಷ್ಟೂ ತಿಳಿಯದವನೇ ಎಂಬಂತೆ.

ಎಂಟೂವರೆ.
ಸೆಲಿನ್ ಬಂದಳು, ಹಿಂದೆ ಗಂಡ, ದಪ್ಪ ಆಗಿದ್ದಾನೆ.
ಒಂಬತ್ತಾದರೂ ಕೈಗಳು ನಿಲ್ಲಲಿಲ್ಲ.
ನಡುವೆ ಅಕ್ಕ ಎರಡು ಬೆರಳು ತುಟಿಗಿಟ್ಟು ಕೆನ್ನೆ ಉಬ್ಬಿಸಿದಳು:
ವಿಸಿಲ್. ಅದು ನಾನು.
ಅವಳು ಒಮ್ಮೆಯೂ ಕೇಳದ ಸದ್ದು ನನ್ನ ಹೆಸರು.
ಆಚೆ ಇಬ್ಬರೂ ಬಿದ್ದು ಬಿದ್ದು ನಕ್ಕರು.
ಏನೆಂದು ಕೇಳಲಿಕ್ಕೆ ಹೋಗಲಿಲ್ಲ,
ಇನ್ನೂರು ಬಿಡಿಸಿದ್ದೇ ಇರಬೇಕು.