ಮೂವತ್ತು ದಿನದೊಳಗೆ ಹಿಂತಿರುಗಿಸತಕ್ಕದ್ದು

ಟ್ರೆಲೆವ್ ಆಸ್ಪತ್ರೆಯ ಆರನೇ ಕಿಟಕಿಯಲ್ಲಿ
ರಸೀದಿಗೆ ರುಜು ಹಾಕಿದೆ.
ಗಾಜಿನ ಪಟ್ಟಿ ಎರಡು, ಮೇಣದ ಬಿಲ್ಲೆ ಒಂದು,
ಮೂವತ್ತು ದಿನದೊಳಗೆ ಹಿಂತಿರುಗಿಸತಕ್ಕದ್ದು.
ಮೇಣದೊಳಗಿರುವುದು ನಾನೇ ಅಲ್ಲವೇನಪ್ಪ,
ನನ್ನ ಎಡ ಮೀನಖಂಡದ ಒಂದು ಚೂರು?
ಹೌದು, ಎಂದ ಗುಮಾಸ್ತ. ಆದರೆ ಆಸ್ಪತ್ರೆಯ ಸ್ವತ್ತು.
ಕಳೆದರೆ?
ಪೆನ್ನಿನ ಮುಚ್ಚಳ ಕಚ್ಚಿದ.
ಕಳೀಬೇಡಿ.

ಮೊದಲ ವರದಿಯಲ್ಲಿ ಒಂದೇ ಪದ ದಪ್ಪಕ್ಷರದಲ್ಲಿತ್ತು,
ಮೆಲನೋಮ.
ಅದರ ಕೆಳಗೆ ಸೊನ್ನೆ, ಸೊನ್ನೆಯ ಮುಂದೆ ಚುಕ್ಕೆ,
ಚುಕ್ಕೆಯ ಮುಂದೆ ಆರು.
ಮಚ್ಚೆಗಿಂತ ಎಷ್ಟೋ ಚಿಕ್ಕದು ಆ ಚುಕ್ಕೆ.
ಮನೆಯ ಮಂದಿಯೆಲ್ಲ ಅದರ ಹಿಂದೆ ಸಾಲುಗಟ್ಟಿ ನಿಂತರು.
ಇನ್ನೊಬ್ಬರನ್ನು ಕೇಳು, ಎಂದಳು ನಾದಿನಿ.
ಡಾಕ್ಟರಿಗೆ ಬೇಜಾರಾದೀತು, ಎಂದ ಅನ್ಸೆಲ್ಮೊ,
ತನ್ನ ಟ್ರಕ್ಕಿನ ಸದ್ದಿಗೆ ಮಾತ್ರ
ಮೂರು ಮೆಕ್ಯಾನಿಕ್ಕರನ್ನು ಕೇಳುವವನು.

ನಾನು ಉಣ್ಣೆ ವಿಂಗಡಿಸುವವಳು. ಇಪ್ಪತ್ತಾರು ವರ್ಷ.
ಎಳೆಯನ್ನು ಬೆರಳಿಗೆ ಸುತ್ತಿ, ಬೆಳಕಿಗೆ ಹಿಡಿದು
ಇದು ಈ ರಾಶಿಗೆ, ಇದು ಆ ರಾಶಿಗೆ ಅನ್ನುತ್ತೇನೆ.
ಯಾರೂ ಎದುರಾಡುವುದಿಲ್ಲ.
ಒಂದೇ ಕುರಿಯ ಬೆನ್ನಿನ ಉಣ್ಣೆಗೆ
ಬೆಳಿಗ್ಗೆ ಒಂದು ಹೇಳಿ
ಊಟ ಮಾಡಿ ಬಂದು ಇನ್ನೊಂದು ಹೇಳಿದ್ದುಂಟು.
ಈವರೆಗೆ ಯಾರ ಬಳಿಯೂ ಬಾಯಿಬಿಟ್ಟಿಲ್ಲ.
ಅದಕ್ಕೇ ಬಸ್ಸಿನ ಟಿಕೇಟು ಕೊಂಡೆ.

ಬ್ವೇನಸ್ ಐರಿಸ್‌ಗೆ ಇಪ್ಪತ್ತು ಗಂಟೆ.
ಮಾತೆ ಸೊಪ್ಪಿನ ಹಳೇ ಡಬ್ಬಿಯಲ್ಲಿ
ಉಣ್ಣೆಯ ನಡುವೆ ನನ್ನನ್ನು ನಾನೇ ಇಟ್ಟುಕೊಂಡಿದ್ದೆ, ತೊಡೆಯ ಮೇಲೆ.
ಬಿಸಿಲಿಗಿಡಬೇಡಿ, ಮೇಣ ಮೆತ್ತಗಾಗುತ್ತೆ, ಅಂದಿದ್ದರು.
ಬಿಸಿಲಿಂದಲೇ ಬಂದದ್ದು ಇದು ಅಂದವರೂ ಅವರೇ.
ಪರದೆ ಎಳೆದೆ.
ಪಕ್ಕದ ಮುದುಕ ಡಬ್ಬಿ ನೋಡಿ ಆಸೆಯಿಂದ ಕೇಳಿದ,
ಸೊಪ್ಪಿದೆಯಾ?
ಉಣ್ಣೆ, ಎಂದೆ. ಸುಳ್ಳೇನಲ್ಲ.

ಅವನು ಗೊರಕೆಗಿಳಿದ ಮೇಲೆ, ಬೆಳಕು ಹರಿಯುವಾಗ
ಒಂದು ಗಾಜನ್ನು ಕಿಟಕಿಗೆ ಹಿಡಿದೆ.
ಕಲಫಾತೆ ಹಣ್ಣು ತಿಂದ ಮಕ್ಕಳ ನಾಲಿಗೆಯ ಬಣ್ಣ,
ಉಗುರಿನಷ್ಟೂ ಇಲ್ಲ.
ಐವತ್ತೊಂದು ವರ್ಷ ನಾನು ಹೊತ್ತು ತಿರುಗಿದ ಬರಹ,
ನನಗೇ ಓದಲು ಬಾರದು.

ಡಾಕ್ಟರ್ ಮಿರ್ತಾ ಸ್ಲವಿನ್‌ಸ್ಕಿಯ ಸ್ವೆಟರಿನ ಮೊಣಕೈ
ತೂತಾಗಿತ್ತು. ಒಳ್ಳೆಯ ಮೆರಿನೊ, ಪಾಪ.
ಸೂಕ್ಷ್ಮದರ್ಶಕಕ್ಕೆ ಎರಡು ಜೊತೆ ಕಣ್ಣು.
ಬನ್ನಿ, ನೀವೂ ನೋಡಿ, ಸಿನ್ಯೋರ ಪಾಯ್ನೆಫಿಲ್.
ನೋಡಿದೆ. ಹಿಂಡು.
ಸಂಜೆ ಗುಡ್ಡದ ಮೇಲಿಂದ ನೋಡಿದರೆ ಹೇಗೋ ಹಾಗೆ,
ಒತ್ತೊತ್ತಾಗಿ, ತಲೆ ಬಗ್ಗಿಸಿ ಮೇಯುತ್ತ.
ಬೇಲಿ ದಾಟಿವೆಯೋ ಇಲ್ಲವೋ, ಅದೇ ಪ್ರಶ್ನೆ, ಎಂದರು.
ನಿಮ್ಮೂರಿನವರಿಗೆ ದಾಟಿದಂತೆ ಕಂಡಿದೆ.
ನನಗೆ ಅಲ್ಲಿ ಬೇಲಿಯೇ ವಾಲಿದಂತೆ ಕಾಣುತ್ತೆ.

ಹಾಗಾದರೆ ಏನೂ ಇಲ್ಲವೇ?
ಹಾಗಂದೆನೇ ನಾನು?
ಆ ಹೆಸರಿಡಲಾರೆ. ಏನೂ ಅಲ್ಲ ಅಂತಲೂ ಬರೆಯಲಾರೆ.
ಸುತ್ತ ಇನ್ನರ್ಧ ಸೆಂಟಿಮೀಟರು ಕೊಯ್ಯಲಿ.
ಆರು ತಿಂಗಳಿಗೊಮ್ಮೆ ಬಟ್ಟೆ ಬಿಚ್ಚಿ ತೋರಿಸಿ, ಅಂಗಾಲೂ ಸೇರಿ.
ಯಾರು ಸರಿ? ಎಂದೆ.
ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಬಗ್ಗಿ ನೋಡಿದರು.
ಬಹಳ ಹೊತ್ತು. ನನಗೆ ಕೊಡಲು
ಅವರ ಬಳಿ ಇದ್ದದ್ದು ಆ ಹೊತ್ತೇ.

ವಾಪಸು ಬರುವಾಗ ಎರಡು ಕಾಗದ, ಒಂದೇ ಡಬ್ಬಿ.
ಒಂದು ಹೆದರಿಸುತ್ತೆ, ಇನ್ನೊಂದು ಕಾಯಿಸುತ್ತೆ.
ಬಾಹಿಯ ಬ್ಲಾಂಕಾದ ನಿಲ್ದಾಣದಲ್ಲಿ
ಸಾಸೇಜು ಬ್ರೆಡ್ಡು ಎರಡು ತಿಂದೆ. ಹಸಿವಾಗಿತ್ತು,
ಮೂರು ವಾರದಲ್ಲಿ ಮೊದಲ ಸಲ.

ಇಪ್ಪತ್ತೊಂಬತ್ತನೇ ದಿನ, ಆರನೇ ಕಿಟಕಿ.
ಹೊಸ ಹೊಲಿಗೆಯ ಕಾಲನ್ನು ತುಸು ಎಳೆಯುತ್ತ ನಿಂತೆ.
ಗುಮಾಸ್ತ ಎಣಿಸಿದ. ಗಾಜು ಎರಡು, ಮೇಣ ಒಂದು.
ಬಿಲ್ಲೆಯನ್ನು ತಿರುಗಿಸಿ ನೋಡಿದ.
ಸ್ವಲ್ಪ ಸವೆದಿದೆಯಲ್ಲ?
ಓದಿದ್ದಾರೆ, ಎಂದೆ.
ರುಜುವಿಗೆ ಇನ್ನೊಂದು ಗೆರೆ ತೋರಿಸಿದ.