ಏಳು ಲೀಟರ್ ತಣ್ಣೀರು

ಗ್ಯಾಸಿನ ಪೆಟ್ಟಿಗೆಯಿಂದ ಹೊರಟ ಬಿಸಿನೀರು
ಗೋಡೆಯೊಳಗಿನ ಕೊಳವೆಯೆಲ್ಲ ಸುತ್ತಿ
ನನ್ನ ಹೆಗಲು ಮುಟ್ಟುವ ಹೊತ್ತಿಗೆ
ಏಳು ಲೀಟರ್ ತಣ್ಣೀರು ಮುಂಚೆಯೇ ಬಂದಿರುತ್ತದೆ,
ದಿಬ್ಬಣಕ್ಕಿಂತ ಮೊದಲು ಓಡಿಬರುವ ಮಕ್ಕಳ ಹಾಗೆ,
ಯಾರೂ ಕರೆಯದೆ.
ಅದಕ್ಕೆಂದೇ ಒಂದು ನೀಲಿ ಬಕೆಟ್ಟು.

ಬೆಂಡಿಗೊದಲ್ಲಿ ಇದು ನನ್ನ ಒಂಬತ್ತನೆಯ ಬೇಸಿಗೆ.
ಬಕೆಟ್ಟಿನ ವಿದ್ಯೆ ಪಕ್ಕದ ಮನೆಯ ಗ್ಲೆನಿಸ್ ಕಲಿಸಿದ್ದು.
ಬಾಡಿಗೆಗೆ ಬಂದ ಮೊದಲ ವಾರವೇ
ಬೇಲಿಯ ಮೇಲಿಂದ ದಾಟಿಸಿದ್ದಳು:
"ಷವರ್ ಕೆಳಗಿಡು. ಹಿಡಿ ಗಟ್ಟಿಯಿದೆ."
ಅಷ್ಟೇ. ಉಪದೇಶವಿಲ್ಲ.
ಹಿಂದಿನ ದೊಡ್ಡ ಬರದಲ್ಲಿ ಊರಿಗೂರೇ ಹಿಡಿದ ಬಕೆಟ್ಟುಗಳು
ಮಳೆ ಬಂದ ವರ್ಷ ಶೆಡ್ಡು ಸೇರಿದವಂತೆ.
ಅವಳದು ಸೇರಲಿಲ್ಲ.
"ಬಂದದ್ದೇನೋ ಗೊತ್ತಾಯಿತು," ಎಂದಳು,
"ನಿಲ್ಲುವಾಗ ಚೀಟಿ ಕಳಿಸುತ್ತದೆಯೇ ಮಳೆ?"

ಟೈಲಿಗೆ ಅಂಟಿಸಿದ ಮರಳು ಗಡಿಯಾರ, ನಾಲ್ಕು ನಿಮಿಷದ್ದು.
ಎರಡರೊಳಗೆ ಸೋಪು, ಮೂರಕ್ಕೆ ಹಿಮ್ಮಡಿ,
ನಾಲ್ಕನೆಯದರಲ್ಲಿ ಸುಮ್ಮನೆ ನಿಲ್ಲುವುದು.
ಅದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡಲಾರೆ.

ಒಂದು ಶನಿವಾರ ಲೈಬ್ರರಿಯಲ್ಲಿ ಕೌನ್ಸಿಲ್ಲಿನವರು ಕೇಳಿದರು:
ಹೀಗೆ ಹಿಡಿದಿಟ್ಟು, ಹೊಲಿದು, ಮತ್ತೆ ಬಳಸಿ ಬಾಳುವುದಕ್ಕೆ
ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ?
ಬರ್ಮಾ ಗಡಿಯಿಂದ ಬಂದ ಕರೆನ್ ಅಜ್ಜಿ ಮೆಲ್ಲಗೆ ಏನೋ ಅಂದಳು,
ಎಲ್ಲರೂ ಬರೆದುಕೊಂಡರು.
ನನ್ನ ಬಾಯಿಗೆ 'ಸುಸ್ಥಿರ' ಬಂತು, ಇಸ್ತ್ರಿ ಹಾಕಿದ ಅಂಗಿ ತೊಟ್ಟು.
ಅದರ ಹಿಂದೆಯೇ, ಬರಿಗಾಲಲ್ಲಿ,
'ಜುಗ್ಗತನ'.

ರಾಣೆಬೆನ್ನೂರಿನ ದಾಕ್ಷಾಯಣಿ ಅತ್ತೆಗೆ
ಓಣಿ ಕೊಟ್ಟ ಬಿರುದು ಅದು.
ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು
ನಾವೂ ನಕ್ಕವರೇ.
ಅಕ್ಕಿ ತೊಳೆದ ನೀರು ಎಮ್ಮೆಗೆ, ಹರಿದ ಲಂಗ ದಿಂಬಿಗೆ,
ದಿಂಬು ಹರಿದರೆ ಒಲೆಯ ಮಸಿಬಟ್ಟೆಗೆ,
ಮಸಿಬಟ್ಟೆ ಹರಿದರೆ... ಅದು ಹರಿಯುತ್ತಿರಲಿಲ್ಲ.
ಗತಿಯಿಲ್ಲದೆ ಮಾಡಿದಳೋ, ಬೇಕೆಂದೇ ಮಾಡಿದಳೋ,
ಕೇಳಬೇಕೆನಿಸುವ ಹೊತ್ತಿಗೆ ಅತ್ತೆ ಇರಲಿಲ್ಲ.
ಅವಳನ್ನು ಈಗ ಋಷಿ ಮಾಡಲು ನನಗೆ ಮನಸ್ಸಿಲ್ಲ:
ಕೈಯಲ್ಲಿ ದುಡ್ಡಾಡಿದ ವರ್ಷ ಅವಳೂ ಕೊಂಡಳು
ಡಜನ್ ಪ್ಲಾಸ್ಟಿಕ್ ಕೊಡ, ಬಣ್ಣಕ್ಕೊಂದು.

ನನ್ನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ, ರಾತ್ರಿ ಪಾಳಿ.
ಹಸಿರು ಗುಂಡಿ ಒತ್ತಿದರೆ ಸುರಂಗದಂಥ ಯಂತ್ರ
ಅರ್ಧ ಗಂಟೆಯಲ್ಲಿ ಕುಡಿದು ಮುಗಿಸುತ್ತದೆ
ನನ್ನ ಬಕೆಟ್ಟಿನ ಒಂದಿಡೀ ವರ್ಷ.
ಹಾಸಿಗೆ ಬಟ್ಟೆಯಲ್ಲಿ ಯಾರದೋ ರಕ್ತ, ಯಾರದೋ ಹೆರಿಗೆ;
ತೊಳೆಯದಿರಲಾಗದು. ಒತ್ತುತ್ತೇನೆ.
ಎರಡು ವರ್ಷಕ್ಕೊಮ್ಮೆ ವಿಮಾನ ಹತ್ತುತ್ತೇನೆ, ಕಿಟಕಿಯ ಪಕ್ಕ.
ಲೆಕ್ಕ ಕೇಳಬೇಡಿ.
ಹದಿಮೂರರ ಮಿಹಿರ ಕೇಳಿಯೇಬಿಟ್ಟ:
"ಹಾಗಾದರೆ ಬಕೆಟ್ಟು ಯಾಕಮ್ಮ?"

ಉತ್ತರ ಹುಡುಕುತ್ತ ಬಕೆಟ್ಟು ಎತ್ತಿಕೊಂಡೆ;
ಕೈಗೆ ಸಿಕ್ಕಿದ್ದು ಭಾರ.
ನಲ್ಲಿ ತಿರುಗಿಸಿದರೆ ಬರುವ ನೀರಿಗೆ ತೂಕವಿಲ್ಲ,
ಹೊತ್ತ ನೀರಿಗೆ ಇದೆ.
ಇದನ್ನು ಹೇಳಬಹುದಿತ್ತು. ಹೇಳಲಿಲ್ಲ.
"ಆ ಕಡೆ ಹಿಡಿ," ಎಂದೆ.
ಏಳು ಲೀಟರಿಗೆ ಇಬ್ಬರು ಬೇಕಿಲ್ಲ, ಆದರೂ ಹಿಡಿದ.
ನಡುವೆ ಓಲಾಡಿ ಚೆಲ್ಲಿತು ಒಂದಿಷ್ಟು, ಅವನ ಕಾಲುಚೀಲಕ್ಕೆ.

ಇವತ್ತು ನಲವತ್ತಮೂರು ಡಿಗ್ರಿ.
ನಿಂಬೆಯ ಬುಡಕ್ಕೆ ಅರ್ಧ, ಗ್ಲೆನಿಸ್‌ಳ ಟೊಮೆಟೊಗೆ ಇನ್ನರ್ಧ.
ಸೊಂಟದ ಆಪರೇಷನ್ ಆಗಿ ಅವಳೀಗ ಭಾರ ಎತ್ತುವಂತಿಲ್ಲ,
ಕಿಟಕಿಯಿಂದಲೇ ಬೆರಳು ಆಡಿಸುತ್ತಾಳೆ: ಎಲೆಗಲ್ಲ, ಬೇರಿಗೆ.
ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು.
ನಾನು ತಟ್ಟೆಗಳ ಎಂಜಲನ್ನು ಗೊಬ್ಬರದ ಡಬ್ಬಕ್ಕೆ ಬಳಿಯುತ್ತಿದ್ದೆ.
ಬೇಲಿಯಿಂದ ಇಳಿಯಿತು ಒಂದು ಕಾಗೆ,
ಇಲ್ಲಿಯದು, ಬಿಳಿಗಣ್ಣಿನದು,
ತೆರೆದ ಕೊಕ್ಕಿನಲ್ಲಿ ಏದುತ್ತ.
ಬಕೆಟ್ಟಿನಂಚಿಗೆ ಕೂತು ಬಾಗಿ ಬಾಗಿ ಕುಡಿಯಿತು,
ತಲೆಯೆತ್ತಿ ನನ್ನ ಕೈ ನೋಡಿತು.

ಕೈ ತುಂಬ ಎಂಜಲು.
ಓಡಿಸಲಿಲ್ಲ, ಅತ್ತೆ.